ಅಕ್ಕನಿಗೆ ಹೇಳಿದ ಅರ್ಧ ಪಾಠ

ಮೊನ್ನೆ ಚಿಕ್ಕೋಡಿಯಿಂದ ನಿಪ್ಪಾಣಿಗೆ ಬರುವ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಹೆಂಗಸಿನ ಸೆರಗಿನಿಂದ ತಂಬಾಕಿನ ಘಾಟು ಬಂತು. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನನಗೆ ಮನೆ ನೆನಪಾಯಿತು. ನಮ್ಮಕ್ಕನ ಸೀರೆಗಳಿಗೆಲ್ಲ ಇದೇ ವಾಸನೆ. ನಿಪ್ಪಾಣಿಯ ವಖಾರಿಯಲ್ಲಿ, ಅಂದರೆ ತಂಬಾಕಿನ ಗೋದಾಮಿನಲ್ಲಿ, ಅವಳು ವರ್ಷಗಟ್ಟಲೆ ತಂಬಾಕಿನ ಎಲೆ ಆರಿಸಿದ್ದಕ್ಕೇ ನಾನು ಓದಿ ಕಾಲೇಜಿನಲ್ಲಿ ಜೀವಶಾಸ್ತ್ರದ ಮಾಸ್ತರನಾದೆ.

ಮಾಸ್ತರರ ಚಟ ಗೊತ್ತಲ್ಲ, ಹೊಸದೇನಾದರೂ ಓದಿದರೆ ಊಟಕ್ಕೆ ಕುಳಿತಲ್ಲೂ ಪಾಠ. ಕೆಲವು ವರ್ಷಗಳ ಹಿಂದೆ ನನಗೆ ಮೈಟೊಕಾಂಡ್ರಿಯಾದ ಹುಚ್ಚು ಹಿಡಿದಿತ್ತು. ಜೀವಕೋಶಕ್ಕೆ ಶಕ್ತಿ ಒದಗಿಸುವ ಆ ಪುಟ್ಟ ಅಂಗಕ್ಕೆ ವಿಪರೀತ ಕಾವು ತಟ್ಟಿದರೆ ಒಳಗಿನ ಪ್ರೋಟೀನುಗಳು ಮುದುಡಿ ಕೆಡುತ್ತವೆ. ಅಲ್ಲಿನ ಕಿಣ್ವಗಳು ಕೆಟ್ಟದ್ದನ್ನು ಆರಿಸಿ ತುಂಡರಿಸುತ್ತವೆ ಎಂದು ಒಂದು ರಾತ್ರಿ ಊಟದ ನಡುವೆ ಅಕ್ಕನಿಗೆ ವಿವರಿಸಿದೆ.

"ಅಂದ್ರ ನಮ್ಮ ತಂಬಾಕಿನ ರಾಶಿ ಇದ್ದಂಗ," ಅಂದಳು ಅಕ್ಕ. "ಕಾವು ಏರಿತಂದ್ರ ಮಗಚಿ ಹಾಕಿ, ಕೆಟ್ಟ ಎಲಿ ತಗದ ಒಗಿತೇವಿ."

ಯಾವ ವಿದ್ಯಾರ್ಥಿಯೂ ಇಷ್ಟು ಬೇಗ ಹಿಡಿದಿರಲಿಲ್ಲ. ನಾನು ಉಬ್ಬಿಹೋದೆ.

ಒಂದು ಮಂಗಳವಾರ. ಕೊಕಟನೂರ ಎಲ್ಲಮ್ಮನ ಹೆಸರಿನಲ್ಲಿ ಅಂದು ಅವಳಿಗೆ ಒಪ್ಪತ್ತು. ನಾಲ್ಕು ದಿನದಿಂದ ಜ್ವರ ಬಂದು ಹೋಗಿ ಮಾಡುತ್ತಿತ್ತು.

"ಕೈಕಾಲಾಗ ಕಸುವ ಇಲ್ಲೋ. ರಜಾ ಹಾಕ್ಲೇನು?"

ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆ ಕೂಡ ಎತ್ತಲಿಲ್ಲ. "ಏನ ಆಗೂದಿಲ್ಲಕ್ಕಾ. ಅವತ್ತ ಹೇಳಿದ್ನಲ್ಲ, ಕಷ್ಟ ಕೊಟ್ಟಷ್ಟ ಮೈ ಒಳಗ ಸ್ವಚ್ಛ ಆಗ್ತೈತಿ," ಅಂದೆ.

ಅವಳು ನಂಬಿದಳು. ಹತ್ತು ದಿನ ಜ್ವರದಲ್ಲೇ ವಖಾರಿಗೆ ಹೋದಳು. ಹನ್ನೊಂದನೆಯ ದಿನ ರಾಶಿಯ ಪಕ್ಕದಲ್ಲೇ ಕುಸಿದಳು. ಜ್ವರ ಹೃದಯದ ಸ್ನಾಯುವಿಗೆ ತಟ್ಟಿದೆ, ಮೊದಲೇ ಮಲಗಿಸಬೇಕಿತ್ತು ಎಂದು ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು ಹೇಳಿದರು. ಈಗ ನಾಲ್ಕು ಮೆಟ್ಟಿಲು ಹತ್ತಿದರೂ ಅವಳಿಗೆ ಏದುಸಿರು.

ಪಾಠಕ್ಕೆ ಇನ್ನರ್ಧವಿತ್ತು. ಕಷ್ಟ ಬಹಳ ದಿನ ಎಳೆದರೆ ಆರಿಸುವ ಕಿಣ್ವಗಳೂ ಸೋಲುತ್ತವೆ, ಕೆಟ್ಟದ್ದು ಒಳಗೇ ಉಳಿದು ಕೋಶವನ್ನು ಹಾಳುಮಾಡುತ್ತದೆ. ತರಗತಿಯಲ್ಲಿ ಅದನ್ನು ಹುಡುಗರಿಗೆ ಬರೆಸಿದ್ದೆ. ಅಕ್ಕನಿಗೆ ಹೇಳಲಿಲ್ಲ, ಮೊದಲರ್ಧಕ್ಕೇ ಸಿಕ್ಕ ಶಹಬ್ಬಾಸ್‌ಗಿರಿ ನನಗೆ ಸಾಕಾಗಿತ್ತು. ಆಮೇಲೆ ಹೇಳಲು ಧೈರ್ಯವಾಗಲಿಲ್ಲ. ಹೇಡಿ ನಾನು, ಬೇರೆ ಮಾತೇಕೆ?

ಮೊನ್ನೆ ಬಸ್ಸಿಳಿದು ಮನೆಗೆ ಹೋದರೆ ಪಡಸಾಲೆಯಲ್ಲಿ ಪಕ್ಕದ ಮನೆಯ ಸೊಸೆ ಕುಳಿತಿದ್ದಳು. ಜ್ವರಕ್ಕೆ ಅವಳ ಕಣ್ಣುಗಳು ಕೆಂಪಾಗಿದ್ದವು. ಅಕ್ಕ ಬುದ್ಧಿ ಹೇಳುತ್ತಿದ್ದಳು: "ಮಲ್ಕೋಬ್ಯಾಡವಾ, ಕೆಲಸಕ್ಕ ಹೋಗು. ಕಷ್ಟ ಕೊಟ್ಟಷ್ಟ ಮೈ ಸ್ವಚ್ಛ ಆಗ್ತೈತಿ. ನನ್ನ ತಮ್ಮ ಮಾಸ್ತರ ಅದಾನ, ಅಂವಾ ಹೇಳ್ಯಾನ."

"ಬ್ಯಾಡವಾ, ಹೋಗಬ್ಯಾಡ. ಮನೀಗೆ ಹೋಗಿ ಮಲ್ಕೋ," ಅಂದೆ. ಅವಳು ಹೋದ ಮೇಲೆ ಅಕ್ಕನ ಎದುರು ಕುಳಿತೆ. "ಅಕ್ಕಾ, ನಾ ಅರ್ಧಾನ ಹೇಳಿದ್ನಿ. ತಪ್ಪ ಹೇಳಿದ್ನಿ. ಅವತ್ತ ನಿನ್ನ ಮಲಗಸಬೇಕಿತ್ತು."

ಅಕ್ಕ ಪಕ್ಕದ ಮನೆಯ ಬಾಗಿಲ ಕಡೆ ನೋಡಿದಳು.

"ಆರ ವರ್ಷ ಆತಲ್ಲೋ," ಅಂದಳು. "ಎಷ್ಟ ಮಂದಿಗೆ ಹೇಳೇನಿ ನಾ."