ಅತ್ತೆಯ ಓರೆ ಕುಂಚ

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಛತ್ತಿಗೆ ಸುಣ್ಣ ಹಚ್ಚುವುದರಲ್ಲಿ ಹೆಸರಾದವಳು. ಗೋಡೆಗೆ ಯಾರು ಬೇಕಾದರೂ ಹಚ್ಚಬಹುದು. ಯಲಬುರ್ಗದ ನಮ್ಮ ಓಣಿಯಲ್ಲಿ ದೀಪಾವಳಿಗೆ ಮುಂಚೆ ಎಲ್ಲ ಮನೆಯ ಹೆಂಗಸರೂ ಕಚ್ಚೆ ಬಿಗಿದು ಹಚ್ಚುತ್ತಿದ್ದರು. ತಲೆಯ ಮೇಲಿನ ಛತ್ತಿನ ಮಾತು ಬೇರೆ. ಅಲ್ಲಿ ಕುಂಚ ಮೇಲಕ್ಕೆ ಹೋದಷ್ಟೂ ಸುಣ್ಣ ಕೆಳಕ್ಕೆ ಬರುತ್ತದೆ. ಹಿಡಿಯ ಗುಂಟ ಇಳಿದು ಮಣಿಕಟ್ಟಿಗೆ, ಅಲ್ಲಿಂದ ಮೊಳಕೈಗೆ, ಕಂಕುಳಿಗೆ. ಹಸಿ ಸುಣ್ಣ ಚರ್ಮವನ್ನು ತಿನ್ನುತ್ತದೆ. ಅದಕ್ಕೇ ಅವಳು ಕೆಲಸಕ್ಕೆ ಮುಂಚೆ ಕೈಗೆ, ಕುತ್ತಿಗೆಗೆ, ಮುಖಕ್ಕೆ ಕುಸುಬೆ ಎಣ್ಣೆ ಸವರಿಕೊಳ್ಳುತ್ತಿದ್ದಳು. ಎರಡು ಏಣಿಗಳ ನಡುವಿನ ಹಲಗೆಯ ಮೇಲೆ ನಿಂತಳೆಂದರೆ ಬಾಯಿ ತೆರೆಯುತ್ತಿರಲಿಲ್ಲ. ತೆರೆದರೆ ಸುಣ್ಣ ಬೀಳುತ್ತದೆ. ನೆಲದ ಮೇಲಿದ್ದಾಗ ಅವಳ ಬಾಯಿಗೆ ಹೆದರುವ ಗುತ್ತೇದಾರರು ಅವಳು ಹಲಗೆ ಏರುವುದನ್ನೇ ಕಾದು ಬಂದು ಮಾತಾಡುತ್ತಿದ್ದರು. ಹಿಮ್ಮಡಿಯಿಂದ ಹಲಗೆಯನ್ನು ಒಮ್ಮೆ ಬಡಿದರೆ ಸುಣ್ಣ ಕೊಡಬೇಕು, ಎರಡು ಸಲ ಬಡಿದರೆ ಏಣಿ ಸರಿಸಬೇಕು. ಮೂರು ಸಲ ಬಡಿದರೆ ಅದನ್ನು ಬೈಗುಳವೆಂದು ಕೆಳಗಿನವರು ತಿಳಿದುಕೊಳ್ಳಬೇಕು.

ಅವಳ ಎಡಗಣ್ಣು ಹೋದದ್ದು ಕುಷ್ಟಗಿಯಲ್ಲಿ. ನಾನು ಆಗ ಹೈದರಾಬಾದಿನಲ್ಲಿ ಓದುತ್ತಿದ್ದೆ, ಕಣ್ಣಾರೆ ಕಂಡದ್ದಲ್ಲ. ಮೂವರಿಂದ ಕೇಳಿದ್ದೇನೆ, ಮೂರು ಬಗೆಯಾಗಿ ಕೇಳಿದ್ದೇನೆ. ಅಪ್ಪನ ಪ್ರಕಾರ ಕುಂಚದಿಂದ ಹನಿ ಬಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದ ಹೆಂಗಸಿನ ಪ್ರಕಾರ ಸರಿಯಾಗಿ ಅರಳದ ಸುಣ್ಣದ ಚೂರೊಂದು ಸಿಡಿಯಿತು. ಅತ್ತೆಯಂತೂ ಕೇಳಿದಾಗಲೆಲ್ಲ ಹೊಸದಾಗಿ ಹೇಳುತ್ತಿದ್ದಳು. ಮೂವರ ಮಾತಿನಲ್ಲೂ ಬದಲಾಗದ ಸಂಗತಿ ಒಂದೇ: ಯಾರೋ ಓಡಿಹೋಗಿ ಹರಳೆಣ್ಣೆ ತಂದು ಕಣ್ಣಿಗೆ ಬಿಟ್ಟರು. ಪಕ್ಕದಲ್ಲೇ ಹರವಿಯ ತುಂಬ ಕುಡಿಯುವ ನೀರಿತ್ತು. ಅದನ್ನು ಹಾಕಿ ಕಣ್ಣು ತೊಳೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕಣ್ಣು ಬೆಳ್ಳಗಾಯಿತು.

"ಈ ಕಣ್ಣಿಗೂ ಸುಣ್ಣಾ ಹಚ್ಚಿ ಮುಗಿಸೇನಿ, ಇನ್ನೊಂದು ಬಾಕಿ ಐತಿ" ಎಂದು ಅತ್ತೆ ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ. ಕಚೇರಿಯಲ್ಲಿ ಜವಾನನಾಗಿದ್ದ ಅವನಿಗೆ ನಗು ಕಡಿಮೆ.

"ಅಕ್ಕಾ, ಇನ್ನೊಂದೂ ಹೋದ್ರ ನಿನ್ನ ಕೈ ಹಿಡಕೊಂಡು ತಿರಗಾಕ ಯಾರು ಬರ್ತಾರ? ಛತ್ತು ಬಿಡು. ಗ್ವಾಡಿ ಹಚ್ಚು."

"ಗ್ವಾಡಿ ಹಚ್ಚಾಕ ನಾ ಯಾಕ ಬೇಕೊ ತಮ್ಮಾ? ನಿನ್ನ ಹೆಂಡತೀನೂ ಹಚ್ಚತಾಳ."

"ನನ್ನ ಯಾಕ ನಡುವ ಎಳೀತೀರಿ ಅಕ್ಕಾರ?" ಎಂದು ಒಲೆಯ ಮುಂದಿನಿಂದ ಅವ್ವ. "ನಿಮಗಿಂತ ಛಲೋನ ಹಚ್ಚತೀನಿ, ಅಷ್ಟ ಖರೆ."

ಎರಡನೆಯ ಮಹಾಯುದ್ಧದ ವರ್ಷಗಳ ಒಂದು ಬೇಸಿಗೆ ರಜೆಯಲ್ಲಿ ನಾನು ಊರಿಗೆ ಬಂದಾಗ ಈ ಜಗಳ ದಿನಾ ನಡೆಯುತ್ತಿತ್ತು. ಗಂಗಾವತಿಯ ಕಡೆಯ ಒಂದು ಬಂಗಲೆಗೆ ದೊಡ್ಡ ಅಧಿಕಾರಿಯೊಬ್ಬರು ತಪಾಸಣೆಯ ದೌರೆಗೆ ಬರುವವರಿದ್ದರು. ಅಷ್ಟರಲ್ಲಿ ಅಲ್ಲಿಯ ಖೋಲಿಗಳ ಛತ್ತುಗಳೆಲ್ಲ ಬೆಳ್ಳಗಾಗಬೇಕು. ಗುತ್ತೇದಾರ ಬೇರೆ ಯಾರನ್ನೂ ಕೇಳದೆ ಅತ್ತೆಗೇ ಹೇಳಿಕಳಿಸಿದ್ದ. ಅತ್ತೆ ಹೊರಟೇ ಹೊರಡುತ್ತಾಳೆಂದು ಖಾತ್ರಿಯಾದ ಮೇಲೆ ಅಪ್ಪ ಒಂದು ಕರಾರು ಹಾಕಿದ. ತಲೆಯ ಮೇಲಿಂದ ಕರಿ ಕಂಬಳಿ ಹೊದ್ದು ಕೆಲಸ ಮಾಡಬೇಕು. ಮೊದಲ ಖೋಲಿ ಮುಗಿದ ದಿನ ಅವನೇ ಬಂದು ನೋಡುತ್ತಾನೆ.

"ಕಂಬಳಿ ಮ್ಯಾಲ ಒಂದು ಬಿಳಿ ಹನಿ ಕಂಡ್ರ ಮುಗೀತು. ಛತ್ತಿಗೆ ಶರಣು ಹೊಡದು ಮನಿಗೆ ಬರಬೇಕು."

"ಬ್ಯಾಸಗ್ಯಾಗ ಕಂಬಳಿ ಹೊಚ್ಚಿ ಕೊಲ್ಲತಾನ ನೋಡ್ರಿ ಒಡಹುಟ್ಟಿದಾಂವ" ಎಂದು ಅತ್ತೆ ಗೊಣಗಿದಳು. ಆದರೆ ಒಪ್ಪಿದಳು. ಒಪ್ಪಿದ್ದು ಸಣ್ಣ ಮಾತಲ್ಲ. ಹಳೆಯ ಕುಂಚದಲ್ಲಿ ಹನಿ ಬೀಳದೆ ಛತ್ತು ಹಚ್ಚುವುದು ಆಗದ ಕೆಲಸವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಹನಿ ಬೀಳದ ಕುಂಚ ನಾನು ಮಾಡಿಕೊಡುತ್ತೇನೆ ಎಂದೆ. ಕೈಯಲ್ಲಿ ಇಪ್ಪತ್ತು ದಿನಗಳಿದ್ದವೋ ಹದಿನೈದೋ, ಆಗ ನಾನು ಬರೆಯುತ್ತಿದ್ದ ದಿನಚರಿಯಲ್ಲಿ ಇಲ್ಲ.

ನಮ್ಮ ಕಡೆಯ ಕುಂಚ ಪುಂಡಿ ನಾರಿನದು. ಪುಂಡಿ ಕಟ್ಟಿಗೆಯನ್ನು ನೀರಲ್ಲಿ ಕೊಳೆಹಾಕಿ, ನಾರು ಸುಲಿದು, ಬಡಿದು, ಗೇಣುದ್ದದ ಕೋಲಿನ ತುದಿಗೆ ಬಿಗಿಯುವುದು. ಅದು ಸುಣ್ಣವನ್ನು ಗಟಗಟ ಕುಡಿದು ಅಷ್ಟೇ ಬೇಗ ಕಾರುತ್ತದೆ. ಹೈದರಾಬಾದಿನ ನನ್ನ ಹಾಸ್ಟೆಲ್ಲಿನಲ್ಲಿ ಒಬ್ಬ ಕೆಲಸಗಾರ ವಿಲಾಯತಿ ಕೂದಲಿನ ಕುಂಚದಿಂದ ಬಾಗಿಲುಗಳಿಗೆ ಎಣ್ಣೆ ಬಣ್ಣ ಹಚ್ಚುವುದನ್ನು ನೋಡಿದ್ದೆ. ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಯುದ್ಧದಿಂದಾಗಿ ಅಂಥ ಕುಂಚ ಎಲ್ಲೂ ಸಿಗುವಂತಿರಲಿಲ್ಲ. ಸರಿ, ಕೂದಲಿನದನ್ನು ನಾನೇ ಕಟ್ಟುತ್ತೇನೆಂದು ಕೊಪ್ಪಳ ಸ್ಟೇಷನ್ನಿನ ಮುಂದೆ ನಿಲ್ಲುವ ಟಾಂಗಾದವನ ಹತ್ತಿರ ಹೋಗಿ ಕುದುರೆಯ ಬಾಲದ ಕೂದಲು ಕೇಳಿದೆ.

"ದೊಡ್ಡ ಸಾಲ್ಯಾಗ ಈಗ ಇದನ್ನೂ ಓದಸ್ತಾರೇನ್ರಿ?" ಎಂದ ಅವನು. ಕೂದಲನ್ನು ಮಾತ್ರ ಧಾರಾಳವಾಗಿ ಕೊಟ್ಟ.

ಆ ಕುಂಚವನ್ನು ನಮ್ಮ ಮನೆಯ ಪಡಸಾಲೆಯ ಛತ್ತಿಗೆ ಪರೀಕ್ಷಿಸಿದೆವು. ಮೊದಲ ದಿನ ಅದ್ಭುತ. ರೇಷ್ಮೆಯ ಹಾಗೆ ಹರಿಯಿತು. ಅಂದಿನ ನನ್ನ ದಿನಚರಿ ಎರಡು ಪುಟವಿದೆ, ಎರಡರಲ್ಲೂ ಹೊಗಳಿಕೆಯೇ. ಸಂಜೆ ಅತ್ತೆ ರೂಢಿಯ ಪ್ರಕಾರ ಕುಂಚವನ್ನು ಸುಣ್ಣದ ಗಡಿಗೆಯಲ್ಲೇ ಅದ್ದಿಟ್ಟಳು. ಕೆಲಸ ನಡೆಯುವಷ್ಟು ದಿನ ಕುಂಚ ಒಣಗಬಾರದು, ಒಣಗಿದರೆ ಕಲ್ಲಾಗುತ್ತದೆ. ಮರುದಿನ ತೆಗೆದು ಹಚ್ಚಿದರೆ ಕೂದಲು ಲೋಳೆಯಾಗಿ, ಎಳೆ ಎಳೆಯಾಗಿ ಕಳಚಿ ಛತ್ತಿಗೆ ಅಂಟಿಕೊಂಡವು. ಅತ್ತೆ ಹಲಗೆಯಿಂದ ಇಳಿದು, ಸಾವಕಾಶ ಬಾಯಿ ಒರೆಸಿಕೊಂಡು ಹೇಳಿದಳು:

"ಅಳ್ಯಾ, ಛತ್ತಿಗೆ ಗಡ್ಡ ಬಂತಲ್ಲೊ! ಇನ್ನ ಕ್ಷೌರಾ ಮಾಡಸಬೇಕು."

ನಾನು ಗಡಿಗೆಯಲ್ಲಿ ಉಳಿದ ಕೂದಲನ್ನು ಆರಿಸತೊಡಗಿದೆ.

"ತೊಗಲು ಹದಾ ಮಾಡೋರು ಕೂದಲಾ ಉದರಸಾಕ ಎದರಾಗ ನೆನೀ ಹಾಕ್ತಾರ?"

"ಸುಣ್ಣದ ನೀರಾಗ."

"ಗೊತ್ತೈತಲ್ಲ ಮತ್ತ!"

"ನಿನಗೂ ಗೊತ್ತಿತ್ತಲ್ಲ ಅತ್ತಿ, ಮೊದ್ಲ ಯಾಕ ಹೇಳಲಿಲ್ಲ?"

"ನಿನ್ನ ಪುಸ್ತಕದಾಗ ಬ್ಯಾರೆ ಸುಣ್ಣಾ ಇರಬೇಕು ಅಂದಕೊಂಡ್ನಿ."

ನನ್ನ ಪುಸ್ತಕದಲ್ಲಿದ್ದದ್ದೂ ಅದೇ ಸುಣ್ಣ. ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಅದರ ಗುಣಗಳ ಬಗ್ಗೆ ಉರ್ದುವಿನಲ್ಲಿ ಉದ್ದ ಉತ್ತರ ಬರೆದು ಪಾಸಾಗಿದ್ದೆ. ತಿಳಿದ ಸಂಗತಿ ಕೈಗೆ ಬರುವ ಮುಂಚೆ ಎಲ್ಲಿ ನಿಂತುಬಿಡುತ್ತದೆಂದು ಆ ದಿನದಿಂದ ಅನೇಕ ಸಲ ಯೋಚಿಸಿದ್ದೇನೆ.

ಪುಂಡಿ ನಾರಿಗೇ ಮರಳಿದೆವು. ಹನಿ ತಡೆಯಲಾಗದಿದ್ದರೆ ಹಿಡಿಯೋಣವೆಂದು ತೆಂಗಿನ ಚಿಪ್ಪಿಗೆ ತೂತು ಕೊರೆದು, ಬಾಯಿ ಮೇಲಾಗಿ, ಕುಂಚದ ಕೆಳಗೆ ಹಿಡಿಗೆ ಸಿಕ್ಕಿಸಿದೆ. ದಿನಚರಿಯಲ್ಲಿ "ಚಿಪ್ಪಿನ ಪ್ರಯೋಗ ತಕ್ಕಮಟ್ಟಿಗೆ ಯಶಸ್ವಿ" ಎಂದಿದೆ. ನನ್ನ ನೆನಪಿನಲ್ಲಿ ಹಾಗಿಲ್ಲ. ಅತ್ತೆ ಗೋಡೆಯ ಮೂಲೆಗೆ ಕುಂಚ ವಾಲಿಸಿದ ಕೂಡಲೇ ಚಿಪ್ಪು ತುಂಬ ಇದ್ದದ್ದೆಲ್ಲ ಒಂದೇ ಸಲ ಕೆಳಗೆ ಅಕ್ಕಿ ಆರಿಸುತ್ತಿದ್ದ ಅವ್ವನ ಮೊರದೊಳಕ್ಕೆ ಬಿತ್ತು. ಸಾಮಾನ್ಯವಾಗಿ ನಾನು ನೆನಪಿಗಿಂತ ಬರಹವನ್ನು ನಂಬುವವನು. ಇಲ್ಲಿ ಮಾತ್ರ ನೆನಪಿನ ಪಕ್ಷ. ಗೆಲ್ಲಬೇಕೆಂದಿದ್ದ ಹುಡುಗ ಬರೆದ ಸಾಲಿಗಿಂತ, ಅವ್ವ ಅಂದು ಬೈದದ್ದು ಅಕ್ಷರ ಬಿಡದೆ ನೆನಪಿರುವುದು ಗಟ್ಟಿ ಸಾಕ್ಷಿ.

ಚಿಪ್ಪಿನ ಬದಲು ಒಣಗಿದ ಸೋರೆಬುರುಡೆ ಬಂತು. ಅದು ಹಗುರ, ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು, ವಾಲಿಸಿದರೂ ಚೆಲ್ಲದು. ಒಳಗೆ ಪುಂಡಿಯ ಕಸನಾರು ತುಂಬಿದರೆ ಇಳಿದ ಸುಣ್ಣವನ್ನು ಅದು ಹೀರಿಕೊಳ್ಳುತ್ತದೆ. ಆಗಾಗ ತೆಗೆದು ಗಡಿಗೆಗೆ ಹಿಂಡಿದರಾಯಿತು. ಇದು ಯಾರ ಉಪಾಯ? ದಿನಚರಿ "ನಾನು" ಎನ್ನುತ್ತದೆ. ಆದರೆ ಕಣ್ಣು ಮುಚ್ಚಿದರೆ ಕಾಣುವುದು ಅತ್ತೆ: ಹೊಸ್ತಿಲ ಮೇಲೆ ಕೂತು, ಬೀಜ ಕೂಡಿಡುವ ಬುರುಡೆಯನ್ನು ಖಾಲಿ ಮಾಡುತ್ತಿದ್ದಾಳೆ. ಇಬ್ಬರಲ್ಲಿ ಯಾರೆಂದು ಈಗ ತೀರ್ಮಾನಿಸುವ ಹಕ್ಕು ನನಗಿಲ್ಲ.

ಬುರುಡೆಯಿಂದಾಗಿ ಸುಣ್ಣ ಹಿಡಿಯ ಗುಂಟ ಇಳಿಯುವುದು ನಿಂತಿತು. ನಾರಿನ ತುದಿಯಿಂದ ನೇರ ಉದುರುವ ಹನಿ ಮಾತ್ರ ನಿಲ್ಲಲಿಲ್ಲ. ಮುಂದಿನದನ್ನು ಕಂಡುಕೊಂಡದ್ದು ನಾನೇ ಎಂದು ಖಂಡಿತವಾಗಿ ಹೇಳಬಲ್ಲೆ. ಅದಕ್ಕೆ ಕಾರಣವೂ ಇದೆ: ಅತ್ತೆ ತನ್ನನ್ನು ತಾನು ಕೆಳಗಿನಿಂದ ನೋಡಿಕೊಳ್ಳುವಂತಿರಲಿಲ್ಲ. ಒಂದು ದಿನ ಬೇರೇನೂ ಮಾಡದೆ ನೆಲದ ಮೇಲೆ ಅಂಗಾತ ಮಲಗಿ ಅವಳು ಹಚ್ಚುವುದನ್ನು ನೋಡಿದೆ. ಗಿಡ್ಡ ಹಿಡಿಯ ಕುಂಚ ತಲೆಯ ನೇರಕ್ಕೇ ಹೋಗುತ್ತದೆ. ಎಡಗಣ್ಣು ಇಲ್ಲದ್ದರಿಂದ ಹಚ್ಚುವ ಜಾಗ ಕಾಣಲು ಅವಳು ಮುಖವನ್ನು ಎಡಕ್ಕೆ ಹೊರಳಿಸುತ್ತಾಳೆ. ಹೊರಳಿಸಿದಾಗ ಉಳಿದಿರುವ ಬಲಗಣ್ಣು ಕುಂಚದ ಸರಿಯಾಗಿ ಅಡಿಗೆ ಬರುತ್ತದೆ. ಎರಡು ಕಣ್ಣಿದ್ದಾಗ ಇದ್ದ ಅಪಾಯಕ್ಕಿಂತ ಒಂದೇ ಕಣ್ಣಿನ ಅಪಾಯ ದೊಡ್ಡದು. ಅಪ್ಪನ ಹೆದರಿಕೆ ನಿಜವಾಗಿತ್ತು, ಅವನಿಗೆ ತಿಳಿದಿದ್ದಕ್ಕಿಂತ ಹೆಚ್ಚು ನಿಜವಾಗಿತ್ತು.

ಹಾಗಾದರೆ ಕುಂಚ ಅವಳ ತಲೆಯ ಮೇಲಿರಬಾರದು, ಮುಂದಿರಬೇಕು. ಅದಕ್ಕೆ ಹಿಡಿ ಉದ್ದವಾಗಬೇಕು; ಕುಂಚ ನೆಟ್ಟಗಿರದೆ ಗುದ್ದಲಿಯ ಹಾಗೆ ಓರೆಯಾಗಬೇಕು. ಬಿದಿರಿನ ಕೋಲಿಗೆ ಓರೆಯಾಗಿ ಕಟ್ಟಿದರೆ ಹಗ್ಗ ಜಾರುತ್ತಿತ್ತು. ಬೇವೂರಿನ ದಾರಿಯಲ್ಲಿ ಅತ್ತೆಯೇ ಒಂದು ಬೇವಿನ ಕೊಂಬೆ ಹುಡುಕಿ ತಂದಳು, ಹುಟ್ಟುತ್ತಲೇ ಮೊಳಕೈಯಂತೆ ಬಾಗಿದ್ದು. ಅದರ ಒಂದು ತುದಿ ಬಿದಿರಿನೊಳಗೆ ಹೊಕ್ಕಿತು, ಇನ್ನೊಂದು ತುದಿಗೆ ನಾರು. ಬಾಗು ಹೆಚ್ಚಾದರೆ ನಾರಿನ ತುದಿ ಛತ್ತಿಗೆ ತಾಗದು, ಕಡಿಮೆಯಾದರೆ ಅವಳು ಮತ್ತೆ ಅಡಿಗೆ ಬರುತ್ತಾಳೆ. ಅವಳು ಹಚ್ಚಿ ನೋಡುವುದು, ನಾನು ಕೆತ್ತುವುದು. ನಾಲ್ಕು ಕೊಂಬೆ ಹಾಳಾದವು. ಐದನೆಯದನ್ನು ಹಿಡಿದು ಪಡಸಾಲೆಯ ಒಂದು ಅಂಕಣ ಮುಗಿಸಿ ಇಳಿದವಳು ಅವ್ವನನ್ನು ಕರೆದು, "ಇವಗ ಇವತ್ತ ತುಪ್ಪಾ ಹಾಕವಾ" ಎಂದಳು.

ಗಂಗಾವತಿಯ ಬಂಗಲೆಯಲ್ಲಿ ಗುತ್ತೇದಾರ ಆ ಕುಂಚವನ್ನು ನೋಡಿ ಬಾಯಿ ಬಿಟ್ಟ.

"ಏನ ಬೇ ಇದು? ಸುಣ್ಣಾ ಹಚ್ಚಾಕ ಬಂದೀಯೊ, ಹೊಲಾ ಕಡಿಯಾಕ ಬಂದೀಯೊ?"

"ಛತ್ತಿನ್ಯಾಗ ನಿಮ್ಮ ಹೊಲಾ ಐತೇನ್ರಿ? ಇದ್ರ ಹೇಳ್ರಿ, ಅದನ್ನೂ ಕಡದು ಕೊಡ್ತೀನಿ."

ಮೊದಲ ಖೋಲಿಗೆ ಮೂರು ಕೈ ಸುಣ್ಣ ಬೇಕಾಯಿತು. ಒಂದು ಕೈ ಒಣಗಿದ ಮೇಲೆ ಇನ್ನೊಂದು. ನಾನು ಗಡಿಗೆಯಲ್ಲಿ ಸುಣ್ಣ ಕಲಸಿ ಮೇಲಕ್ಕೆ ಕೊಡುತ್ತಿದ್ದೆ. ಅತ್ತೆ ಕಂಬಳಿಯೊಳಗೆ ಬೆವರುತ್ತ, ಹಚ್ಚುವ ಜಾಗದಿಂದ ಒಂದು ಮಾರು ಹಿಂದೆ ನಿಂತು, ಕೋಲಿನ ಬುಡವನ್ನು ಸೊಂಟಕ್ಕೆ ಆನಿಸಿ ಎಳೆಯುತ್ತಿದ್ದಳು. ಹನಿಗಳು ಬೀಳುತ್ತಲೇ ಇದ್ದವು. ಅವಳ ಮುಂದೆ, ನೆಲದ ಮೇಲೆ. ಮೂರನೆಯ ಕೈ ಮುಗಿದ ಮಧ್ಯಾಹ್ನ ಅಪ್ಪ ಬಂದ. ನೀರು ಸಹ ಕುಡಿಯದೆ ಕಂಬಳಿಯನ್ನು ಕೇಳಿ ತೆಗೆದುಕೊಂಡು, ವರಾಂಡದ ಬಿಸಿಲಿಗೆ ಹಿಡಿದು, ಸಾಹೇಬರ ಕಾಗದ ನೋಡುವಂತೆ ನೋಡಿದ. ತಲೆಯ ಭಾಗ, ಹೆಗಲು, ಎದೆ. ಏನೂ ಇಲ್ಲ. ತಿರುಗಿಸಿದ. ಬೆನ್ನ ಕಡೆ, ಅಂಚಿನ ಹತ್ತಿರ, ಜೋಳದ ಕಾಳಿನಷ್ಟು ಬಿಳಿ.

"ಇದೇನು?"

"ಹನಿ" ಎಂದಳು ಅತ್ತೆ.

"ಮಾತು ಏನಾಗಿತ್ತು?"

"ಒಂದು ಹನಿ ಕಂಡ್ರ ಮುಗೀತು ಅಂದಿದ್ದಿ. ಖರೆ. ಉಣ್ಣಾಕ ಕುಂತಾಗ ಗಡಗಿಗೆ ಒರಗಿದ್ನಿ, ಹತ್ತೈತಿ. ನೀ ಹೇಳೊ ತಮ್ಮಾ, ಬೆನ್ನಾಗ ನನಗ ಎಷ್ಟು ಕಣ್ಣು ಅದಾವ?"

ಗುತ್ತೇದಾರ ನಕ್ಕ. ಅಪ್ಪ ನಗಲಿಲ್ಲ. ಕೊಟ್ಟ ಮಾತನ್ನು ಮುರಿಯುವುದು, ಮುರಿಯಲು ಬಿಡುವುದು, ಎರಡೂ ಅವನಿಂದಾಗದ ಕೆಲಸ. ಅವನು ಕಂಬಳಿಯನ್ನು ಕಟ್ಟೆಯ ಮೇಲೆ ಇಟ್ಟ. ಅಕ್ಕನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಆ ಬಲಗಣ್ಣನ್ನು ಬಹಳ ಹೊತ್ತು ನೋಡಿದ. ಬೆವರು ಇಳಿದು ಸ್ವಲ್ಪ ಕೆಂಪಾಗಿತ್ತು, ಅಷ್ಟೇ. ತಿಳಿಯಾಗಿತ್ತು.

"ಏನ್ ಹುಡಕ್ತಿ? ನಿನ್ನ ಮಾರೀನ ಕಾಣ್ತಿರಬೇಕು ಅದರಾಗ" ಎಂದಳು ಅತ್ತೆ.

ಅಪ್ಪ ಗದ್ದ ಬಿಟ್ಟು, ತಲೆಯ ಪಟಗ ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡ. "ನಾಳಿ ಯಾವ ಖೋಲಿ?" ಎಂದು ಕೇಳಿದ.

"ದೊಡ್ಡದು. ಏಣಿ ಹಿಡಿಯಾಕ ಇವಗ ಬರಂಗಿಲ್ಲ. ನೀ ಇರು."

ಅಪ್ಪ ಎರಡು ದಿನ ರಜೆ ಹಾಕಿ ಏಣಿ ಹಿಡಿದ.