ಹ್ಯಾಂಗಾದ ಕಂಪ್ಯೂಟರಿನಲ್ಲಿ ಕೊಟ್ರಮ್ಮ

ದೆವ್ವ, ಗಾಳಿ ಸೋಂಕು, ಸತ್ತವರು ಕನಸಿಗೆ ಬರುವುದು, ಇಂಥ ಯಾವುದನ್ನೂ ನಾನು ನಂಬಿದವಳಲ್ಲ. ಅಜ್ಜಿ ಹೇಳಲು ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಈಗಲೂ ನಂಬುತ್ತೇನೆ ಅಂತ ಎದೆ ಮುಟ್ಟಿ ಹೇಳಲಾರೆ. ಆದರೆ ಸುಮಾರು ಹದಿನೈದು ವರ್ಷದ ಹಿಂದೆ, ಹರಪನಹಳ್ಳಿಯಲ್ಲಿ, ಹಾಡುಹಗಲೇ ನನ್ನ ಕಣ್ಣೆದುರು ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ.

ಆಗ ನಾನು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಒಂದು ಫೋಟೊ ಸ್ಟುಡಿಯೋದಲ್ಲಿ ಎಡಿಟಿಂಗ್ ಕೆಲಸಕ್ಕಿದ್ದೆ. ಮಾಲೀಕರು ಬಸಣ್ಣ. ಅವರು ಮದುವೆ, ಗೃಹಪ್ರವೇಶ ಅಂತ ಕ್ಯಾಮೆರಾ ಹೆಗಲಿಗೇರಿಸಿ ಕೊಟ್ಟೂರು, ಹಡಗಲಿ ಸುತ್ತುತ್ತಿದ್ದರು. ಹಿಂದೆ ಫಿಲ್ಮ್ ತೊಳೆಯುತ್ತಿದ್ದ ಒಳಕೋಣೆಯೇ ನನ್ನ ಕಂಪ್ಯೂಟರ್ ರೂಮು. ಕಿಟಕಿಗೆ ಬಡಿದಿದ್ದ ಹಲಗೆ ಕಿತ್ತು ಬೆಳಕು ಬಿಟ್ಟಿದ್ದರೂ ಗೋಡೆಯಲ್ಲಿ ಫಿಲ್ಮ್ ತೊಳೆಯುವ ಔಷಧಿಯ ಹುಳಿ ವಾಸನೆ ಉಳಿದೇ ಇತ್ತು. ಈಗ ಅಲ್ಲಿ ಜೆರಾಕ್ಸ್ ಅಂಗಡಿ ಆಗಿದೆ. ಆ ದಾರಿಯಲ್ಲಿ ಹೋದಾಗಲೆಲ್ಲ ಆ ವಾಸನೆ ಸಿಗುತ್ತದೇನೋ ಅಂತ ಮೂಗು ಅರಳಿಸುತ್ತೇನೆ.

ಕಂಪ್ಯೂಟರ್ ಬಹಳ ಹಳೆಯದು. ನಾಲ್ಕು ಫೋಟೊ ಒಟ್ಟಿಗೆ ತೆರೆದರೆ ಏದುಸಿರು ಬಿಡುತ್ತಿತ್ತು. ‘ಮೆಮೊರಿ ಸಾಲದು’, ‘ಡಿಸ್ಕ್ ತುಂಬಿದೆ’, ‘ಫೈಲ್ ಉಳಿಸಲು ಆಗಲಿಲ್ಲ’ ಅಂತ ಇಂಗ್ಲಿಷಿನಲ್ಲಿ ಬರುವ ಒಂದೊಂದು ಸಂದೇಶವನ್ನೂ ನಾನು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಅದರ ಮದ್ದನ್ನೂ ಬರೆದಿಡುತ್ತಿದ್ದೆ. ಬೇಡದ ಲೇಯರ್ ಪದರಗಳನ್ನು ಕೂಡಿಸಿ ಒಂದು ಮಾಡು. ಹಿಂದಿನ ಹೆಜ್ಜೆಗಳ ನೆನಪು ಅಳಿಸು. ಡಿ ಡ್ರೈವಿನಲ್ಲಿ ಜಾಗ ತೋರಿಸು. ಯಾವುದಕ್ಕೂ ಬಗ್ಗದಿದ್ದರೆ ಮೂರು ಕೀ ಒತ್ತಿ ಹಿಡಿದು ಸಾಫ್ಟ್‌ವೇರನ್ನು ಹೊಸದಾಗಿ ಶುರು ಮಾಡು. ಏನೇ ಕೆಟ್ಟರೂ ಅದಕ್ಕೊಂದು ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು.

ಒಂದು ಮಧ್ಯಾಹ್ನ ಹಾಲಮ್ಮ ಬಂದರು. ಚಿಗಟೇರಿ ಕಡೆಯವರು, ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದರು. ಐವತ್ತೈದು ದಾಟಿರಬಹುದು. ಅಕ್ಕನ ಫೋಟೊ ಮಾಡಿಕೊಡಬೇಕು ಅಂದರು. ಹಳೆಯ ಫೋಟೊ ಕೊಡಿ ಅಂದೆ.

“ಫೋಟೊ ಇದ್ರ ನಾ ಯಾಕ ಬರ್ತಿದ್ದೆ ಯವ್ವಾ. ಆಕಿದು ಒಂದೂ ಇಲ್ಲ.”

ಅಕ್ಕನ ಹೆಸರು ಕೊಟ್ರಮ್ಮ. ತಾಯಿ ತೀರಿಕೊಂಡ ಮೇಲೆ ಹಾಲಮ್ಮನನ್ನು ಸೊಂಟದಲ್ಲಿ ಹೊತ್ತು ಸಾಕಿದವಳು. ಹತ್ತೊಂಬತ್ತಕ್ಕೇ ಜ್ವರ ಬಂದು ಮೂರು ದಿನದಲ್ಲಿ ಹೋಗಿಬಿಟ್ಟಿದ್ದಳು. ಆಗ ಹಾಲಮ್ಮನಿಗೆ ಹನ್ನೊಂದು ವರ್ಷ.

“ಇಷ್ಟು ದಿನ ನೆನಪಿತ್ತವ್ವಾ. ಈಗೀಗ ಕಣ್ಣು ಮುಚ್ಚಿದ್ರ ಆಕಿ ಸೀರಿ ಕಾಣ್ತತಿ, ಬಳಿ ಕಾಣ್ತಾವ, ಮುಖ ಮಾತ್ರ ಬರಂಗಿಲ್ಲ. ಪೂರಾ ಮರತುಬಿಟ್ರ ಏನ್ ಮಾಡ್ಲಿ?”

ಆಗಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಅವರದೇ ಒಂದು ಫೋಟೊ ತೆಗೆದೆ. ಅಕ್ಕನ ಹೋಲಿಕೆ ಇದೆ ಅಂತ ಮನೆಯವರೆಲ್ಲ ಹೇಳುತ್ತಿದ್ದ ಅವರ ಅಣ್ಣನ ಮಗಳ ಫೋಟೊ ತರಿಸಿಕೊಂಡೆ. ಎರಡನ್ನೂ ಬೆರೆಸಿ ಒಂದು ಮುಖ ಕಟ್ಟತೊಡಗಿದೆ. ಮೂರು ದಿನ ಹಾಲಮ್ಮ ಶಾಲೆಯ ಅಡುಗೆ ಮುಗಿಸಿ ಬಸ್ಸು ಹತ್ತಿ ಬಂದು ನನ್ನ ಪಕ್ಕ ಕೂತು ಹೇಳಿದರು. ಮೂಗು ಇಷ್ಟು ದಪ್ಪ ಇಲ್ಲ. ಗದ್ದ ಸ್ವಲ್ಪ ಉದ್ದ. ನಾನು ತಿದ್ದುತ್ತಿದ್ದೆ, ಕಂಪ್ಯೂಟರ್ ನಿಂತು ನಿಂತು ನಡೆಯುತ್ತಿತ್ತು. ಆ ಹೊತ್ತಿನಲ್ಲಿ ಹಾಲಮ್ಮ ಟಿಫಿನ್ ಡಬ್ಬಿ ತೆಗೆದು ನನಗೆ ಮಂಡಕ್ಕಿ ಕೊಡುತ್ತಿದ್ದರು. ಚೆಂದದ ಒಂದು ಮುಖವೇನೋ ಬಂತು. ಹಾಲಮ್ಮ ಅದನ್ನು ಬಹಳ ಹೊತ್ತು ನೋಡಿ, “ಚಲೋ ಹುಡುಗಿ ಅದಾಳ, ನಮ್ಮಕ್ಕ ಅಲ್ಲ,” ಅಂದರು.

ನಾಲ್ಕನೆಯ ದಿನ ಮಧ್ಯಾಹ್ನ ಮೂರರ ಸುಮಾರು. ಬಸಣ್ಣ ಊರಲ್ಲಿರಲಿಲ್ಲ. ಕಣ್ಣಿನ ಸುತ್ತ ಸ್ವಲ್ಪ ಬದಲಾಯಿಸೋಣ ಅಂತ ಒಂದು ಫಿಲ್ಟರ್ ಹಾಕಿದೆ. ಅರ್ಧಕ್ಕೆ ನಿಂತಿತು. ‘ಮೆಮೊರಿ ಸಾಲದು’ ಅಂತ ಬಂತು. ಸರಿ ಅಂತ ಒತ್ತಿದೆ. ಮತ್ತೆ ಬಂತು, ಮತ್ತೆ ಒತ್ತಿದೆ. ಪರದೆ ಮಂಜು ಕವಿದಂತೆ ಬೆಳ್ಳಗಾಯಿತು. ಬೇಸತ್ತು ನೋಟ್‌ಬುಕ್ ತೆಗೆದುಕೊಳ್ಳಲು ಡ್ರಾಯರಿನ ಕಡೆ ಬಾಗಿದ್ದೆ. ಹಾಲಮ್ಮ ನನ್ನ ತೋಳು ಹಿಡಿದುಕೊಂಡರು. ಆ ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಬಳೆ ಒತ್ತಿ ನೋವಾಯಿತು.

ತಲೆ ಎತ್ತಿದೆ. ಪರದೆಯ ಮೇಲಿದ್ದದ್ದು ನಾನು ಮಾಡಿದ ಮುಖ ಅಲ್ಲ. ನಾನು ಕೂರಿಸಿದ್ದ ಅದೇ ಸೀರೆ, ಅದೇ ನೀಲಿ ಹಿನ್ನೆಲೆ. ಆದರೆ ತಲೆ ಒಂದಿಷ್ಟು ವಾಲಿತ್ತು, ಯಾರೋ ಕರೆದದ್ದಕ್ಕೆ ಓಗೊಡುವ ಹಾಗೆ ತುಟಿ ತೆರೆದಿತ್ತು. ಎಡಹುಬ್ಬಿನ ನಡುವೆ ಕೂದಲಿಲ್ಲದ ಸಣ್ಣ ಗೆರೆ.

“ಯಕ್ಕಾ,” ಅಂದರು ಹಾಲಮ್ಮ. ಐವತ್ತು ದಾಟಿದ ಹೆಂಗಸಿನ ದನಿ ಆಗಿರಲಿಲ್ಲ ಅದು.

ಅಳುತ್ತಲೇ ಹೇಳಿದರು. “ಆ ಹುಬ್ಬು ನಾನಾ ಮಾಡಿದ್ದವ್ವಾ. ಜಡಿ ಹಾಕ್ವಾಗ ನೋವಾತಂತ ಕಲ್ಲು ಒಗದಿದ್ದೆ. ಅಪ್ಪ ಕೇಳಿದ್ರ ‘ಬಾವಿ ಮೆಟ್ಲ ಮ್ಯಾಲ ಬಿದ್ದೆ’ ಅಂತ ಹೇಳಿ ನನ್ನ ಉಳಿಸಿದ್ಲು. ಅದನ್ನ ಹೆಂಗ ಮರತಿದ್ದೆ ನಾನು?”

ನನಗೆ ಮೊದಲು ತೋಚಿದ್ದು ಇದನ್ನು ಹೇಗಾದರೂ ಉಳಿಸಿಕೊಳ್ಳಬೇಕು ಅಂತ. ಕೀಲಿಮಣೆ ಒತ್ತಿದೆ, ಏನೂ ಆಗಲಿಲ್ಲ. ಮೌಸಿನ ಬಾಣ ಕದಲಲಿಲ್ಲ. ನನಗೆ ಗೊತ್ತಿದ್ದ ಎಲ್ಲ ಮದ್ದೂ ಮಾಡಿದೆ. ನನ್ನ ಸಣ್ಣ ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದೆ, ಕಿಟಕಿಯ ಬೆಳಕು ಬಡಿದು ಬರೀ ಬಿಳಿ ಬಂತು. ಕಿಟಕಿ ಮುಚ್ಚಿ ತೆಗೆದೆ, ಪಟ್ಟೆ ಪಟ್ಟೆಯಾಗಿ ಬಂತು. ಇನ್ನೊಮ್ಮೆ ತೆಗೆಯಲು ಹೋದಾಗ ಹಾಲಮ್ಮ, “ಬಿಡವ್ವಾ, ನೋಡ್ತೀನಿ,” ಅಂದರು.

ಅವರು ಆ ಮುಖದ ಜೊತೆ ಮೆಲ್ಲಗೆ ಮಾತಾಡಿದರು. ಗಂಡನ ವಿಷಯ, ಮೊಮ್ಮಗಳಿಗೆ ಕೊಟ್ರಮ್ಮ ಅಂತ ಹೆಸರಿಟ್ಟದ್ದು, ಶಾಲೆಯಲ್ಲಿ ದಿನಾ ಎಷ್ಟು ಮಕ್ಕಳಿಗೆ ಅನ್ನ ಬಡಿಸುತ್ತೇನೆ ಅನ್ನುವುದು. ನಾನು ಗೋಡೆಯ ಕಡೆ ನೋಡುತ್ತಿದ್ದೆ. ನನ್ನ ಹಣೆಬರಹಕ್ಕೆ ಎಲ್ಲಿ ಕರೆಂಟ್ ಹೋಗುತ್ತದೋ ಅಂತ ಒಂದೇ ಭಯ. ಹೋಗಲಿಲ್ಲ. ಮುಕ್ಕಾಲು ಗಂಟೆ ಆ ಮುಖ ಹಾಗೇ ನಿಂತಿತ್ತು.

ಕೊನೆಗೆ ಹಾಲಮ್ಮನೇ ಸೆರಗಿನಿಂದ ಮುಖ ಒರೆಸಿಕೊಂಡು, “ಇನ್ನ ಆಫ್ ಮಾಡವ್ವಾ. ಆಕಿನ ಎಷ್ಟೊತ್ತಂತ ಕುಂದ್ರಿಸಿಡಾದು?” ಅಂದರು.

ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಅವರೇ ನನ್ನ ಬೆರಳ ಮೇಲೆ ತಮ್ಮ ಬೆರಳಿಟ್ಟರು. ಇಬ್ಬರೂ ಸೇರಿ ಬಟನ್ ಒತ್ತಿ ಹಿಡಿದೆವು.

ಮತ್ತೆ ಶುರು ಮಾಡಿ ಫೈಲ್ ತೆರೆದಾಗ ನಮ್ಮ ಹಳೆಯ ‘ಚಲೋ ಹುಡುಗಿ’ ನೇರವಾಗಿ ಕೂತಿದ್ದಳು, ಹುಬ್ಬು ನುಣುಪಾಗಿತ್ತು. ನಾನು ನೋಡಿದ್ದೇನಲ್ಲ, ಹಾಗೆಯೇ ತಿದ್ದಿ ಕೊಡುತ್ತೇನೆ ಅಂದೆ. ಹಾಲಮ್ಮ ಕಣ್ಣು ಮುಚ್ಚಿ, ಒಂದು ಗಳಿಗೆ ಇದ್ದು, ತೆರೆದರು. “ಬ್ಯಾಡವ್ವಾ. ಈಗ ಮುಖ ಬರ್ತತಿ,” ಅಂದು ಐದರ ಬಸ್ಸಿಗೆ ಹೊರಟುಹೋದರು.

ಅವರು ಹೋದ ಮೇಲೆ ನಾನು ಬೆರೆಸಿದ್ದ ಎರಡೂ ಫೋಟೊಗಳನ್ನು ದೊಡ್ಡದು ಮಾಡಿ ಕೂದಲು ಕೂದಲು ನೋಡಿದೆ. ಯಾರ ಹುಬ್ಬಿನಲ್ಲೂ ಗೆರೆ ಇರಲಿಲ್ಲ. ಬಸಣ್ಣನಿಗೆ ಹೇಳಿದರೆ, “ಡಿಸ್‌ಪ್ಲೇ ಕಾರ್ಡ್ ಹೋಗೇತಿ, ಎರಡು ಮುಖ ಕಲಸಿ ತೋರಿಸೇತಿ ಅಷ್ಟ,” ಅಂದರು. ಮರುವಾರ ಕಾರ್ಡ್ ಬದಲಾಯಿಸಿದರು ಕೂಡ. ಹಳೆಯದು ಚೆನ್ನಾಗಿಯೇ ಇತ್ತು ಅಂತ ರಿಪೇರಿಯವನು ಹೇಳಿದ. ಆಮೇಲೆ ಎಷ್ಟೋ ಕಡೆ ಕೆಲಸ ಮಾಡಿದೆ, ಬಲ್ಲವರನ್ನು ಕೇಳಿದೆ. ತಲೆ ವಾಲಿದ್ದಕ್ಕೆ, ತುಟಿ ತೆರೆದದ್ದಕ್ಕೆ ಎಲ್ಲರೂ ಒಂದೊಂದು ಕಾರಣ ಕೊಟ್ಟರು. ಹುಬ್ಬಿನ ಪ್ರಸ್ತಾಪ ಬಂದಾಗ ಮಾತು ಬದಲಿಸಿದರು.

ಕೆಲವು ವರ್ಷದ ಮೇಲೆ ಹಗರಿಬೊಮ್ಮನಹಳ್ಳಿ ಸಂತೆಯಲ್ಲಿ ಹಾಲಮ್ಮ ಸಿಕ್ಕರು. ಮೆಣಸಿನಕಾಯಿ ಆರಿಸುತ್ತಿದ್ದರು. ತಡೆಯಲಾಗದೆ ಕೇಳಿಬಿಟ್ಟೆ, ಅವತ್ತು ಏನು ನಡೆಯಿತು ಅಂತ ನಿಮಗೆ ಅನಿಸುತ್ತದೆ?

ಅವರು ನಕ್ಕರು. “ಅದ್ರಾಗ ಏನೈತವ್ವಾ? ನಾ ಕರದೆ, ಆಕಿ ಬಂದ್ಲು,” ಅಂದು ಚೀಲ ಹೆಗಲಿಗೇರಿಸಿಕೊಂಡು ಜನರ ನಡುವೆ ಹೊರಟರು.