ಒಂದು ಕಾಲು ಕೆಳಗೆ

ಎರಡು ವರ್ಷದಿಂದ ಮಾತಿಲ್ಲದ ಅಕ್ಕ ಬೆಂಗಳೂರಿನ ಆಸ್ಪತ್ರೆಯಿಂದ ಫೋನ್ ಮಾಡಿದಳು. ಮಾತು ಬಿಟ್ಟಿದ್ದು ನಾನೇ ಅನ್ನಿ. ತನ್ನ ಸೊಸೆಯ ಸೀಮಂತಕ್ಕೆ ಮನೆಗೆ ಬಂದು ಕುಂಕುಮ ಇಟ್ಟು ಕರೆಯದೆ ಫೋನಿನಲ್ಲೇ ಹೇಳಿ ಮುಗಿಸಿದ್ದಳಲ್ಲ, ಆ ಸಿಟ್ಟು.

"ನಾಳೆ ಹನ್ನೊಂದಕ್ಕೆ ಹಾರ್ಟ್ ಆಪರೇಷನ್ ಕಣೇ. ಒಳಕ್ಕೆ ಹೋಗೋ ಮುಂಚೆ ನಿನ್ ಮುಖ ನೋಡ್ಬೇಕು, ಬಾ."

ಸಿಟ್ಟೆಲ್ಲ ಎಲ್ಲಿ ಹೋಯಿತೋ! ಬೆಳಗಾಗುತ್ತಲೇ ಕಡೂರಿನಲ್ಲಿ ರೈಲು ಹತ್ತಿದೆ.

ಬೆಂಗಳೂರಿನಲ್ಲಿ ಇಳಿದ ಮೇಲೆ ಶುರುವಾಯಿತು ಫಜೀತಿ. ಮೆಟ್ರೋದಲ್ಲಿ ಬೇಗ ಬರಬಹುದು ಎಂದಿದ್ದಳು ಅಕ್ಕ. ನಾನು ಮೇಲೆ ಹತ್ತಿ ಬರುವಷ್ಟರಲ್ಲಿ ಬಾಗಿಲು ಮುಚ್ಚುತ್ತಿತ್ತು. "ತಡ್ಯಪ್ಪಾ, ಬಂದೆ!" ಎಂದು ಕೂಗಿದೆ. ಯಾರಿಗೆ ಕೂಗಿದೆನೋ, ಅದರ ಡ್ರೈವರ್ ಎಲ್ಲಿರುತ್ತಾನೋ! ನಮ್ಮೂರು ಪಂಚನಹಳ್ಳಿಯಲ್ಲಿ ಬಸ್ಸು ಹೀಗಲ್ಲ. ನಾವು ಕಡೂರಿಗೆ ಕಾಲೇಜಿಗೆ ಹೋಗುವಾಗ ನಾನು ದಿನಾ ಲೇಟು. ಅಕ್ಕ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಊರಿ ನಿಂತುಬಿಡುವಳು. ಕಂಡಕ್ಟರ್ ಎಷ್ಟೇ ಬೈದರೂ, "ತಡ್ಯಪ್ಪ, ನನ್ ತಂಗಿ ಬರ್ತಾವ್ಳೆ" ಅನ್ನುವಳೇ ಹೊರತು ಕಾಲೆತ್ತುತ್ತಿರಲಿಲ್ಲ.

ಮುಂದೆ ಬಂದ ಮೆಟ್ರೋ ಹತ್ತಿದೆ. ನಾಲ್ಕು ನಿಲ್ದಾಣ ಆದಮೇಲೆ ಪಕ್ಕದ ಹುಡುಗಿ, "ಆಂಟಿ, ಇದು ಉಲ್ಟಾ ಹೋಗ್ತಿದೆ" ಅಂದಳು. ಅಯ್ಯೋ ನನ್ನ ಹಣೆಬರಹವೇ! ಇಳಿದು ರಸ್ತೆಗೆ ಓಡಿಬಂದೆ. ಅಲ್ಲೊಂದು ಬಿಳಿ ಕಾರು ನಿಂತಿತ್ತು. ನಮ್ಮ ಊರ ಕಡೆ, ನಿಂತ ಗಾಡಿಗೆ ಮೊದಲು ಹತ್ತುವುದು, ಆಮೇಲೆ ಎಲ್ಲಿಗೆ ಎಂದು ಕೇಳುವುದು. ಬಾಗಿಲು ತೆಗೆದು ಕೂತೆ.

"ಓಟಿಪಿ ಹೇಳಿ ಮೇಡಂ."

"ಅದೇನೋ ಗೊತ್ತಿಲ್ಲ ಕಣಪ್ಪ. ಆಸ್ಪತ್ರೆಗೆ ಬಿಡು, ಬೇಗ."

"ಇದು ಬೇರೆಯವ್ರು ಬುಕ್ ಮಾಡಿರೋ ಗಾಡಿ. ಇಳೀರಿ."

ಅಷ್ಟರಲ್ಲಿ ಬುಕ್ ಮಾಡಿದ್ದ ಹೆಂಗಸೇ ಬಂದಳು. ನನಗೆ ಅಳು ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. "ಕೂತ್ಕೊಳ್ಳಿ, ಮೊದ್ಲು ನಿಮ್ಮನ್ನ ಬಿಟ್ಟು ಹೋಗೋಣ" ಅಂದಳು. ಪುಣ್ಯಾತ್ಗಿತ್ತಿ, ಹೆಸರೂ ಕೇಳಲಿಲ್ಲ ನಾನು.

ಆಸ್ಪತ್ರೆ ಮುಟ್ಟಿದಾಗ ಹನ್ನೊಂದೂ ಇಪ್ಪತ್ತು. ಮುಗಿಯಿತು, ಒಳಗೆ ಕರೆದುಕೊಂಡು ಹೋಗಿರುತ್ತಾರೆ ಅಂದುಕೊಂಡೆ. ಮೂರನೇ ಮಹಡಿಗೆ ಓಡಿದೆ.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಚಕ್ರದ ಮಂಚ ನಿಂತಿತ್ತು. ಅದರ ಮೇಲೆ ಹಸಿರು ಗೌನು ತೊಟ್ಟ ಅಕ್ಕ ಎದ್ದು ಕೂತು, ಒಂದು ಕಾಲನ್ನು ನೆಲಕ್ಕೆ ಊರಿಕೊಂಡಿದ್ದಳು. ಕಾಲು ಮೇಲಿಡಿ ಎಂದು ನರ್ಸ್ ಗೋಗರೆಯುತ್ತಿದ್ದಳು.

"ತಡ್ಯವ್ವ, ನನ್ ತಂಗಿ ಬರ್ತಾವ್ಳೆ."

ನಾನು ಓಡಿಹೋಗಿ ಅವಳ ಕೈ ಹಿಡಿದೆ. ಅಕ್ಕ ನನ್ನ ಮುಖ ನೋಡಿದಳು, ಕಾಲನ್ನು ಮೇಲೆಳೆದುಕೊಂಡು ಮಲಗಿದಳು.

"ಬಂದ್ಲು. ಇನ್ ಹೊರಡ್ರವ್ವ."